ಜೇನು ರಾಗ ಬದಲಿಸುವುದಿಲ್ಲ

ಬಿಸಿಲು ನೆತ್ತಿಗೇರುವ ಮೊದಲು ಕಾಡು ದಾಟಬೇಕು, ಬೆಟ್ಟದ ಮೇಲಿನ ಹೂವಿನ ಬಯಲು ಸೇರಬೇಕು, ಪೆಟ್ಟಿಗೆಗಳ ಬಾಯಿ ತೆರೆಯಬೇಕು. ಹೇಳುವುದಕ್ಕೆ ಕೆಲಸ ಇಷ್ಟೇ. ಆದರೆ ಪಿಕಪ್ಪಿನ ಹಿಂದೆ ಇದ್ದದ್ದು ಆರೇ ಆರು ಜೇನುಪೆಟ್ಟಿಗೆ. ಅತ್ತೆ ಕಟ್ಟಿ ಬೆಳೆಸಿದ ಜೇನುಸಂಸಾರದಲ್ಲಿ ಹುಳುಗಳಿಗೆ ರೋಗ ಬಂದು ಹೋದಮೇಲೆ ಉಳಿದದ್ದು ಅವು ಮಾತ್ರ. ಅತ್ತೆಯೂ ಈಗ ಇರಲಿಲ್ಲ. ಜಾಲರಿ ಬಡಿದ ಪೆಟ್ಟಿಗೆ ಬಿಸಿಲಲ್ಲಿ ನಿಂತರೆ ಒಳಗಿನ ಹುಳುಗಳು ಬೆಂದುಹೋಗುತ್ತವೆ. ದಾರಿಯಲ್ಲೇ ತೆರೆದರೆ ಹಾರಿ ಚದುರಿಹೋಗುತ್ತವೆ. ನಡುವೆ ನಿಲ್ಲುವ ಹಾಗೇ ಇರಲಿಲ್ಲ.

ಸ್ಟೀರಿಂಗ್ ಹಿಡಿದವರು ಮಾವ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಸ್ಸು ಗೇಟಿನೊಳಗೆ ಬರುವ ಸದ್ದಿನಲ್ಲೇ ಕಾಯಿಲೆ ಹೇಳುತ್ತಿದ್ದರೆಂದು ಅಲ್ಲಿ ಅವರಿಗೆ ‘ಕಿವಿ ಮೇಸ್ತ್ರಿ’ ಅಂತಲೇ ಹೆಸರು. ಪಕ್ಕದಲ್ಲಿ ಸೊಸೆ, ಜೇನಿನ ಕೆಲಸವನ್ನು ಅತ್ತೆಯ ಕೈಯಲ್ಲೇ ಕಲಿತವಳು. ಅವಳ ಗಂಡ ರೋಗ ತಗುಲಿದ ಪೆಟ್ಟಿಗೆಗಳನ್ನು ಸುಡಲು ಮನೆಯಲ್ಲೇ ಉಳಿದಿದ್ದ.

ದಾರಿಯನ್ನು ದಾರಿ ಅನ್ನುವುದೇ ದೊಡ್ಡ ಮಾತು. ಮರ ಸಾಗಿಸುವ ಲಾರಿಗಳು ಎಂದೋ ಕೊರೆದಿಟ್ಟ ಎರಡು ಗೀರು, ನಡುವೆ ಮೊಣಕಾಲೆತ್ತರದ ಹುಲ್ಲು. ಎರಡೂ ಕಡೆಯ ಮರಗಳು ತಲೆ ಸೇರಿಸಿಕೊಂಡು ಬಿಸಿಲನ್ನು ತಡೆದಿದ್ದವು. ಎಲ್ಲೋ ನೀರು ಬೀಳುತ್ತಿತ್ತು, ಹಸಿ ತೊಗಟೆಯ ವಾಸನೆ ಕಿಟಕಿಯೊಳಗೆ ಬರುತ್ತಿತ್ತು. ಹಳ್ಳ ದಾಟುವಾಗ ಗಾಡಿಯ ಹೊಟ್ಟೆಗೆ ಒಂದು ಕಲ್ಲು ಧಡ್ ಎಂದು ಬಡಿಯಿತು. ಇಬ್ಬರೂ ಒಮ್ಮೆ ಎಗರಿ ಕೂತರು, ನಕ್ಕರು, ಮುಂದೆ ಹೋದರು.

ಸ್ವಲ್ಪ ದೂರ ಹೋದಮೇಲೆ ಸೊಸೆ ಕಿವಿ ನಿಮಿರಿಸಿದಳು.

“ಮಾವ, ಹಿಂದೆ ಏನೋ ಗುಂಯ್ ಅಂತಿದೆ.”

“ಜೇನಲ್ವೇನಮ್ಮ! ಗುಂಯ್ ಅನ್ನದೆ ಇನ್ನೇನು ಮಾಡುತ್ತೆ?”

ಏರು ಬಂತು. ಮಾವ ಆಕ್ಸಿಲರೇಟರ್ ಒತ್ತಿದರು, ಸದ್ದು ಏರಿತು. ಕಾಲು ತೆಗೆದರು, ಸದ್ದು ಇಳಿಯಿತು. ಮತ್ತೆ ಒತ್ತಿದರು, ಮತ್ತೆ ಏರಿತು.

“ಗಾಡಿ ನಿಲ್ಸಿ ಮಾವ. ನಿಮ್ಮ ಕಾಲು ನೋಡ್ಕೊಂಡು ಜೇನು ರಾಗ ಬದಲಾಯ್ಸಲ್ಲ.”

ಗಾಡಿ ನಿಂತಿತು. ಮಾವ ಮುಂದಿನ ಗಾಜನ್ನೇ ನೋಡುತ್ತ ಕೂತರು. ಗೇಟಿನಾಚೆಯ ಬಸ್ಸಿನ ಕಾಯಿಲೆ ಹೇಳುತ್ತಿದ್ದವರಿಗೆ ಬೆನ್ನ ಹಿಂದಿನ ಸದ್ದು ಕೇಳಿಸಿರಲಿಲ್ಲ. ಸೊಸೆ ಅವರ ಕಡೆ ತಿರುಗಿದಳು.

“ನಿಮಗೆ... ಕೇಳಿಸ್ತಿಲ್ವಾ ಮಾವ?”

“ನಿನ್ನ ಮಾತು ಕೇಳ್ಸುತ್ತೆ. ಗಂಟಲು ಹಾಗಿದೆ ನಿಂದು.” ತಮಾಷೆ ಅರ್ಧಕ್ಕೇ ಸೋತಿತು. “ಸಣ್ಣ ಸದ್ದೆಲ್ಲ ಹೋಗಿ ಬಹಳ ದಿನ ಆಯ್ತಮ್ಮ. ನಿನ್ನ ಗಂಡನಿಗೆ ಹೇಳ್ಬೇಡ, ಕೀಲಿ ಕಿತ್ಕೋತಾನೆ.”

ಅತ್ತೆ ಹೋದಮೇಲೆ ಮಾವ ಜೇನುಪೆಟ್ಟಿಗೆಗಳ ಹತ್ತಿರ ಸುಳಿದಿರಲಿಲ್ಲ. ದುಃಖ ಅಂದುಕೊಂಡು ಮನೆಯವರು ಸುಮ್ಮನಿದ್ದರು.

“ಅದಕ್ಕೇನಾ ನೀವು ಪೆಟ್ಟಿಗೆ ಹತ್ರ ಬರದೇ ಇದ್ದದ್ದು?”

“ಹತ್ರ ನಿಂತರೆ ಸದ್ದೇ ಇಲ್ಲ. ಅವಳ ಜೊತೆ ಅವೂ ಸತ್ತುಹೋದಂಗೆ ಅನ್ಸೋದು. ಹೇಗಮ್ಮ ಬರ್ಲಿ?”

ಸೊಸೆಗೆ ಅಳು ಬಂತು. ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. ಮರಗಳ ಸಂದಿಯಿಂದ ಇಳಿದ ಬಿಸಿಲು ಆಗಲೇ ಒಂದು ಪೆಟ್ಟಿಗೆಯನ್ನು ಮುಟ್ಟಿತ್ತು.

“ನಾನು ಕೇಳಿ ಹೇಳ್ತೀನಿ, ನೀವು ರಿಪೇರಿ ಮಾಡಿ. ಏನು ನೋಡ್ಬೇಕು?”

ಮಾವ ಬೆನ್ನು ನೆಟ್ಟಗೆ ಮಾಡಿದರು. “ನಿಧಾನಕ್ಕೆ ಹೋಗ್ತೀನಿ. ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಸದ್ದು ಬೇರೆ ಆಗುತ್ತಾ ನೋಡು. ಬೇರೆ ಆದ್ರೆ ಅದು ಚಕ್ರದ ಬೇರಿಂಗು.”

ಗಾಡಿ ಎಡಕ್ಕೆ ಬಲಕ್ಕೆ ಬಾಗುತ್ತ ಸ್ವಲ್ಪ ದೂರ ಹೋಗಿ ನಿಂತಿತು.

“ಇಲ್ಲ. ಒಂದೇ ಥರ ಇದೆ.”

“ಹಾಗಾದ್ರೆ ಹಿಂದಿನ ಚಕ್ರಗಳ ನಡುವಿನ ಹಲ್ಲುಚಕ್ರದ ಹೌಸಿಂಗೇ. ಇಳಿ, ಇಳಿ!”

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಜಾಕ್ ಏರಿಸಿ ಆಕ್ಸಲ್ ಅಡಿಗೆ ಮರದ ದಿಮ್ಮಿ ತುರುಕಿದರು. ಸೊಸೆ ಹಳ್ಳಕ್ಕೆ ಓಡಿ ಗೋಣಿಚೀಲ ನೆನೆಸಿ ತಂದು ಪೆಟ್ಟಿಗೆಗಳಿಗೆ ಹೊದಿಸಿದಳು, ಆಮೇಲೆ ಎಂಜಿನ್ ಚಾಲು ಮಾಡಿ ಗೇರಿಗೆ ಹಾಕಿದಳು. ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗತೊಡಗಿದವು.

ಮಾವ ಹಿಂದಿನಿಂದ ಗಾಡಿಯಡಿಗೆ ತೆವಳಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಡಚಕ್ರದ ಬಳಿ ಒತ್ತಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದರು. ಏನೂ ಇಲ್ಲ. ಬಲಗಡೆಯೂ ಇಲ್ಲ. ನಡುವಿನ ಗುಂಡನೆಯ ಹೌಸಿಂಗಿಗೆ ಒತ್ತಿದ್ದೇ ತಡ, ದವಡೆಯಿಂದ ತಲೆಯೊಳಕ್ಕೆ ಗುಂಯ್ ಎಂದು ಏರಿತು. ಅವರ ಕಣ್ಣು ಅರಳಿತು.

“ಸಿಕ್ಕಿತು! ಆಫ್ ಮಾಡು!”

ಹಳ್ಳದ ಕಲ್ಲು ಹೌಸಿಂಗಿನ ತಳದಲ್ಲಿ ಎಣ್ಣೆ ತಡೆಯುವ ಬಿರಡೆಗೆ ಬಡಿದಿತ್ತು. ವಾಷರ್ ಸೀಳಿ ಎಣ್ಣೆ ದಾರಿಯುದ್ದಕ್ಕೂ ಸೋರಿಹೋಗಿತ್ತು, ಒಳಗೆ ಹಲ್ಲುಚಕ್ರಗಳು ಒಣಗಿ ಕೂಗುತ್ತಿದ್ದವು. ಗೇರ್ ಎಣ್ಣೆಯ ಡಬ್ಬಿ ಮಾವನ ಸೀಟಿನಡಿ ಸದಾ ಇರುತ್ತಿತ್ತು. ವಾಷರ್ ಮಾತ್ರ ಇರಲಿಲ್ಲ.

ಪೆಟ್ಟಿಗೆಗಳ ದನಿ ಏರಿತು. ಹುಳುಗಳು ಜಾಲರಿಗೆ ಮುತ್ತಿ ಶಕ್ತಿಮೀರಿ ರೆಕ್ಕೆ ಬೀಸುತ್ತಿದ್ದವು.

“ಮಾವ, ಬೇಗ! ಅವು ಸೆಕೆಗೆ ಒದ್ದಾಡ್ತಿವೆ!”

“ಚರ್ಮ ಬೇಕು. ದಪ್ಪನೆಯದು.”

ಸೊಸೆ ಜೇನು ಬಿಡಿಸುವ ಕೈಗವಸನ್ನು ಎಳೆದು ತಂದಳು. ಅದು ಅತ್ತೆಯದು. ಮಾವನ ಚಾಕು ಒಂದು ಕ್ಷಣ ತಡೆಯಿತು.

“ಕತ್ತರಿಸಿ ಮಾವ. ಅತ್ತೆ ಇದ್ದಿದ್ರೆ ಅವರೇ ಕತ್ತರಿಸಿ ಕೊಡ್ತಿದ್ರು. ಜೊತೆಗೆ ಬೈತಾನೂ ಇರ್ತಿದ್ರು.”

“ಬೈಗುಳ ಮೊದಲು ಬರ್ತಿತ್ತು” ಎಂದು ಮಾವ ಮಣಿಕಟ್ಟಿನ ಅಂಚಿನಿಂದ ಒಂದು ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ, ಎಣ್ಣೆಯಲ್ಲಿ ಅದ್ದಿ ಬಿರಡೆಗೆ ತೊಡಿಸಿ ಬಿಗಿದರು. ಮೇಲಿನ ತೂತಿನಿಂದ ಎಣ್ಣೆ ಸುರಿದರು. ಬೆರಳು ಬಾಗಿಸಿ ಒಳಗಿಟ್ಟು ನೋಡಿದರು, ತುದಿ ನೆನೆಯಿತು. ಸಾಕು.

ಗಾಡಿ ಕೆಳಗಿಳಿಸಿದರು, ಹತ್ತಿದರು, ಹೊರಟರು. ಈ ಸಲ ಸ್ಟೀರಿಂಗಿನ ಮುಂದೆ ಸೊಸೆ ಕೂತಳು. ಕೀಲಿಯನ್ನು ಮಾವನೇ ಕೊಟ್ಟಿದ್ದರು. ಏರಿನಲ್ಲಿ ಒತ್ತಿದಳು: ಗುಂಯ್ ಕುಗ್ಗಿತ್ತು. ಇನ್ನೊಂದು ಏರಿನ ಹೊತ್ತಿಗೆ ನಿಂತೇಹೋಗಿತ್ತು.

ಕಾಡು ಮುಗಿದದ್ದೇ ಬಯಲು ತೆರೆದುಕೊಂಡಿತು, ಕಣ್ಣು ಹೋದಷ್ಟು ದೂರ ಹಳದಿ, ನೇರಳೆ ಹೂವು. ತಣ್ಣನೆಯ ಗಾಳಿ ಬೀಸುತ್ತಿತ್ತು. ಪೆಟ್ಟಿಗೆಗಳನ್ನು ಮರದ ನೆರಳಿನಲ್ಲಿಟ್ಟು ಸೊಸೆ ಒಂದೊಂದಾಗಿ ಜಾಲರಿ ಕಿತ್ತಳು. ಐದು ಪೆಟ್ಟಿಗೆಗಳಿಂದ ಹುಳುಗಳು ಚಿಮ್ಮಿ ಬಂದವು. ಬಿಸಿಲು ಬಡಿದಿದ್ದ ಆರನೆಯದರ ಬಾಯಲ್ಲಿ ಯಾವುದೂ ಕಾಣಲಿಲ್ಲ.

ಮಾವ ದೂರದಲ್ಲೇ ನಿಂತಿದ್ದರು. “ಅದು ಹೋಯ್ತಾ?”

ಸೊಸೆ ಪೆಟ್ಟಿಗೆಗೆ ಕಿವಿ ಕೊಟ್ಟಳು. ಗಾಡಿಗೆ ಹೋಗಿ ಸ್ಕ್ರೂಡ್ರೈವರ್ ಒರೆಸಿ ತಂದು ಮಾವನ ಕೈಗಿಟ್ಟಳು.

ಮಾವ ಮಂಡಿಯೂರಿದರು. ತುದಿಯನ್ನು ಹಲಗೆಗೆ ಆನಿಸಿ ಹಿಡಿಯನ್ನು ಕಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಕಣ್ಣೀರು ಗಡ್ಡಕ್ಕೆ ಇಳಿಯಿತು, ಅವರು ಒರೆಸಿಕೊಳ್ಳಲಿಲ್ಲ.

“ಇದಾವೆ” ಎಂದರು, ಹಿಡಿ ಬಾಯಲ್ಲಿದ್ದ ಹಾಗೆಯೇ. “ಎಲ್ಲಾ ಇದಾವೆ ಕಣಮ್ಮ.”

ಒಂದು ಹುಳು ಹೊರಗೆ ಬಂತು, ಅದರ ಹಿಂದೆ ಇನ್ನೊಂದು.

ಸಂಜೆ ಖಾಲಿ ಗಾಡಿ ಕಾಡಿನೊಳಗೆ ಇಳಿಯಿತು. “ನಿನ್ನ ಗಂಡನಿಗೆ ಕಿವಿ ವಿಷಯ ನಾನೇ ಹೇಳ್ತೀನಿ ಬಿಡು” ಎಂದರು ಮಾವ. ಆಮೇಲೆ ಹಳೆಯ ಮೇಸ್ತ್ರಿಯ ಗತ್ತಿನಲ್ಲಿ ಕೇಳಿದರು: “ಹಿಂದೆ ಏನಾದ್ರೂ ಸದ್ದಿದೆಯಾ?”

“ಏನೂ ಇಲ್ಲ ಮಾವ.”

“ಹೂಂ. ನನಗೂ ಕೇಳಿಸ್ತಿಲ್ಲ.”

ನಗು ತಡೆಯಲಾರದೆ ಸೊಸೆ ಗಾಡಿ ನಿಲ್ಲಿಸಬೇಕಾಯಿತು.