ಚೀಟಿ ಬಾರದ ನಾಲ್ಕು ದಿನ

"ಅರ್ಧ ಚೀಲ! ನನ್ನ ತಂಗಿಗೆ ನೀವು ಕಳಿಸಿದ್ದು ಅರ್ಧ ಚೀಲ!"

ರಕ್ತನಿಧಿಯ ಕೌಂಟರಿನ ಗಾಜಿಗೆ ಅಂಗೈ ಅಪ್ಪಳಿಸಿತು. ಒಳಗೆ ಲೇಬಲ್ ಬರೆಯುತ್ತಿದ್ದ ಟೆಕ್ನಿಷಿಯನ್ ನಿಧಾನವಾಗಿ ತಲೆ ಎತ್ತಿದಳು.

ಎದುರಿಗಿದ್ದವನಿಗೆ ಮೂವತ್ತರ ಆಸುಪಾಸು. ನೀಲಿ ಸಮವಸ್ತ್ರ, ಜೇಬಿನ ಮೇಲೆ ಲಿಫ್ಟ್ ಕಂಪನಿಯ ಗುರುತು, ಉಗುರಿನ ಸಂದಿಯಲ್ಲಿ ಗ್ರೀಸು. ಯಾವುದೋ ಕಟ್ಟಡದ ಲಿಫ್ಟ್ ರಿಪೇರಿಯನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ.

"ಯಾವ ವಾರ್ಡ್?" ಎಂದಳು.

"ಐದನೇ ಮಹಡಿ, ಬೆಡ್ ಹನ್ನೊಂದು. ಬೆಳಗ್ಗೆ ಪ್ಲೇಟ್‌ಲೆಟ್ ಎಂಟು ಸಾವಿರ ಇತ್ತು. ನಿಮ್ಮ ಚೀಲ ಹಾಕಿದ ಮೇಲೆ ಹದಿನೈದು. ಬರೀ ಹದಿನೈದು! ಪಕ್ಕದ ಬೆಡ್‌ನವರಿಗೆ ಹೋದ ವಾರ ಒಂದೇ ಸಲಕ್ಕೆ ಮೂವತ್ತಾರು ಸಾವಿರಕ್ಕೆ ಏರಿತ್ತು. ಅವರಿಗೆ ತುಂಬಿದ ಚೀಲ, ನಮಗೆ ಅರ್ಧ... ನಮಗೆ ಹೇಳೋರು ಕೇಳೋರು ಇಲ್ಲ ಅಂತಾನಾ?"

"ಅರ್ಧ ಡೋಸಿಗೆ ಅಷ್ಟೇ ಏರೋದು. ಸರಿಯಾಗೇ ಇದೆ."

"ಸರಿಯಾಗಿದೆಯಾ?!"

"ಮೂಗಿಂದ ರಕ್ತ ಬಂತಾ? ವಸಡಿಂದ? ಮೈಮೇಲೆ ಹೊಸ ಕಲೆ?"

"ಇಲ್ಲ..."

"ಹಾಗಾದ್ರೆ ಚೀಲ ತನ್ನ ಕೆಲಸ ಮಾಡಿದೆ. ಈ ವಾರ ದಾನಿಗಳು ಕಡಿಮೆ. ರಕ್ತಸ್ರಾವ ಇಲ್ಲದವರಿಗೆ ಒಂದು ಚೀಲ ಇಬ್ಬರಿಗೆ ಹಂಚೋದು ಅಂತ ಡಾಕ್ಟರ್‌ಗಳು ತೀರ್ಮಾನ ಮಾಡಿದ್ದಾರೆ. ಸಂಖ್ಯೆ ಕಡಿಮೆ ಏರುತ್ತೆ, ಬೇಗ ಇಳಿಯುತ್ತೆ, ಬೇಗ ಮತ್ತೆ ಹಾಕಬೇಕಾಗುತ್ತೆ. ಆದ್ರೆ ರಕ್ತಸ್ರಾವ ತಡೆಯೋಕೆ ಅಷ್ಟು ಸಾಕು."

ಒಂದೊಂದು ಮಾತೂ ನಿಜ. ಆದರೆ ಹೇಳಿದ ರೀತಿ ಮಾತ್ರ ರೈಲು ಎಷ್ಟು ತಡ ಎಂದು ಸ್ಟೇಷನ್ನಿನಲ್ಲಿ ಕೂಗಿದ ಹಾಗಿತ್ತು.

ಅವನು ಅವಳನ್ನೇ ದಿಟ್ಟಿಸಿದ. "ನಿಮಗೆ ಮನೇಲಿ ನಿಮ್ಮವರು ಅಂತ ಯಾರಾದ್ರೂ ಇದ್ದಾರಾ ಮೇಡಂ? ಇದ್ದಿದ್ರೆ ಹೀಗೆ ಮಾತಾಡ್ತಿರಲಿಲ್ಲ. ಕಲ್ಲು ನೀವು!"

ಬಂದ ಹಾಗೇ ಬಿರಬಿರನೆ ಹೊರಟು ಹೋದ.

ಕಲ್ಲು...

ಅವಳು ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೊರಳಿಸಿ ನೋಡಿದಳು. ನೋಯುತ್ತಿದೆಯಾ? ಇಲ್ಲ. ಕೋಪ? ಅದೂ ಇಲ್ಲ. ಮುಂದಿನ ಲೇಬಲ್ ತೆಗೆದುಕೊಂಡಳು.

ಅವಳಿಗೆ ಹೀಗಾಗಿ ಎರಡು ವರ್ಷ.

ಎರಡು ವರ್ಷದ ಹಿಂದೆ ಅದೇ ಐದನೇ ಮಹಡಿಯಲ್ಲಿ ಅವಳ ಅಮ್ಮ ಮಲಗಿದ್ದಳು. ಅಮ್ಮನ ಚೀಲಕ್ಕೆ ಲೇಬಲ್ ಅಂಟಿಸಿದ್ದು ಅವಳೇ. ತುಂಬು ಡೋಸ್. ಸಂಖ್ಯೆ ಆರು ಸಾವಿರದಿಂದ ನಲವತ್ತೆರಡಕ್ಕೆ ಏರಿತು! ಚಿಕ್ಕಮ್ಮ ಫೋನಿನಲ್ಲೇ ಕುಣಿದಾಡಿದಳು. ಮಾರನೆಯ ದಿನ ವಾರ್ಡಿನಿಂದ ಅಮ್ಮನಿಗೆ ಪ್ಲೇಟ್‌ಲೆಟ್ ಕೇಳುವ ಚೀಟಿ ಬರಲಿಲ್ಲ. ಇವಳು ಖುಷಿಯಿಂದಲೇ ವಾರ್ಡಿಗೆ ಫೋನ್ ಮಾಡಿದಳು. ಯಾರ ಮಗಳೆಂದು ತಿಳಿಯದೆ ಯಾರೋ ಹೊಸ ನರ್ಸ್, "ಆ ಬೆಡ್ ಖಾಲಿ ಆಯ್ತು, ಇನ್ನು ಬೇಡ" ಎಂದುಬಿಟ್ಟಳು. ಸೋಂಕು ರಕ್ತಕ್ಕೆ ಇಳಿದಿತ್ತು. ಪ್ಲೇಟ್‌ಲೆಟ್ ಎಷ್ಟಿದ್ದರೇನು?

ಅವಳು ಅಳಲಿಲ್ಲ. ನಾಳೆ ಅಳು ಬರಬಹುದು ಅಂದುಕೊಂಡಳು. ಬರಲಿಲ್ಲ. ಆಮೇಲೆ ನಗುವೂ ಬರಲಿಲ್ಲ. ಬಿಸಿಲು ಸುಮ್ಮನೆ ಬಿಸಿಲು, ಹಾಡು ಸುಮ್ಮನೆ ಸದ್ದು. ಕೈಗಳು ಮಾತ್ರ ಒಂದು ದಿನವೂ ತಪ್ಪು ಮಾಡಲಿಲ್ಲ. ಐದನೇ ಮಹಡಿಗೆ ಅವಳು ಮತ್ತೆ ಕಾಲಿಡಲೂ ಇಲ್ಲ.

*

ಮೂರನೇ ದಿನ ಲಿಫ್ಟ್ ಮೆಕ್ಯಾನಿಕ್ ಮತ್ತೆ ಬಂದ. ಈ ಸಲ ಅಂಗಿಯ ತೋಳು ಮಡಚಿಕೊಂಡೇ ಬಂದಿದ್ದ.

"ದಾನಿಗಳು ಇಲ್ಲ ಅಂದ್ರಲ್ಲ, ನಂದು ತಗೊಳ್ಳಿ. ಅಣ್ಣ ನಾನು. ಗುಂಪೂ ಒಂದೇ. ನಮ್ಮ ಗುಬ್ಬಿಗೆ ನಂದೇ ಹಾಕಿ."

ಗುಬ್ಬಿ ಅಂದರೆ ತಂಗಿ. ಮಕ್ಕಳಿಗೆ ಚಿತ್ರ ಬಿಡಿಸೋದು ಕಲಿಸುವ ಟೀಚರ್. ವಯಸ್ಸು ಇಪ್ಪತ್ಮೂರು. ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಮೂರು ತಿಂಗಳು. ಅಪ್ಪ ಅಮ್ಮ ಹೋದ ಮೇಲೆ ಅವಳ ಜಡೆ ಹಾಕಿ ಶಾಲೆಗೆ ಕಳಿಸಿದವನು ಈ ಅಣ್ಣನೇ.

ಟೆಕ್ನಿಷಿಯನ್ ಕಡತ ನೋಡಿದಳು. ನೋಡಿ ಮುಚ್ಚಿದಳು.

"ನಿಮ್ಮದು ಬೇಡ."

"ಏನಂದ್ರಿ?"

"ನಿಮ್ಮ ತಂಗಿಗೆ ನಿಮ್ಮ ಪ್ಲೇಟ್‌ಲೆಟ್ ಹಾಕೋ ಹಾಗಿಲ್ಲ. ಡಾಕ್ಟರನ್ನ ಕೇಳಿ, ಅವರು ಹೇಳ್ತಾರೆ."

ಅವನ ಮುಖ ಕೆಂಪಾಯಿತು. "ಅವತ್ತು ಬೈದೆ ಅಂತ ಸೇಡು ತೀರಿಸ್ಕೊಳ್ತಿದ್ದೀರಾ? ಅದೂ ಅವಳ ಮೇಲೆ?"

ಡಾಕ್ಟರು ಮನೆಯವರಿಗೆ ಇನ್ನೂ ಹೇಳದ ವಿಷಯವನ್ನು ಕೌಂಟರಿನಲ್ಲಿ ನಿಂತು ಹೇಳುವುದು ಹೇಗೆ?

ಒಂದು ಗಂಟೆಯ ಬಳಿಕ ಅವನು ಮೆಟ್ಟಿಲಿಳಿದು ಬಂದ. ಈಗ ಗಾಜು ಬಡಿಯಲಿಲ್ಲ.

"ಡಾಕ್ಟರ್ ಎಲ್ಲ ಹೇಳಿದ್ರು..." ದನಿ ಇಳಿದಿತ್ತು. "ಮುಂದೆ ಗುಬ್ಬಿಗೆ ನನ್ನ ಮೂಳೆಯ ಮಜ್ಜೆ ಬೇಕಾಗಬಹುದಂತೆ. ಈಗಲೇ ನನ್ನ ಪ್ಲೇಟ್‌ಲೆಟ್ ಹಾಕಿದ್ರೆ ಅವಳ ಮೈ ನನ್ನನ್ನ ಗುರುತಿಟ್ಕೊಂಡು, ಆಮೇಲೆ ಮಜ್ಜೆಯನ್ನೂ ಒಪ್ಪದೆ ಹೋಗಬಹುದಂತೆ. ನೀವು ನನ್ನನ್ನ ಅವಳಿಗೋಸ್ಕರ ಉಳಿಸಿದ್ರಿ. ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ."

"ಪರವಾಗಿಲ್ಲ."

"ಬೈದುಬಿಡಿ. ಅದೇ ವಾಸಿ."

"ಬೈಯೋ ಹಾಗೆ ಏನೂ ಅನಿಸ್ತಿಲ್ಲ."

ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ಬೇರೆಯವರಿಗೆ ತಗೊಳ್ಳಿ. ಯಾರಿಗಾದ್ರೂ ಆಗಲಿ. ಮಡಚಿದ ತೋಳು ದಂಡ ಆಗಬಾರದು ನೋಡಿ."

ಹಾಗೆ ಶುರುವಾಯಿತು.

*

ಹದಿನೈದು ದಿನಕ್ಕೊಮ್ಮೆ, ಗುರುವಾರ ಮಧ್ಯಾಹ್ನ ಅವನು ಬರುತ್ತಿದ್ದ. ಕಿಟಕಿ ಪಕ್ಕದ ಕುರ್ಚಿ. ಒಂದೂವರೆ ಗಂಟೆ ರಕ್ತ ಯಂತ್ರದೊಳಗೆ ಹೋಗಿ, ಪ್ಲೇಟ್‌ಲೆಟ್ ಬಿಟ್ಟು, ಮತ್ತೆ ಅವನ ಮೈಗೆ ಮರಳುತ್ತಿತ್ತು. ಮೇಲೆ ತೂಗಿಬಿಟ್ಟ ಚೀಲದಲ್ಲಿ ತೆಳು ಹಳದಿ ದ್ರವ ಸ್ವಲ್ಪಸ್ವಲ್ಪವೇ ತುಂಬುತ್ತಿತ್ತು.

"ಗುಬ್ಬಿ ನಿಮಗೆ ಹೆಸರಿಟ್ಟಿದ್ದಾಳೆ, ಹಳದಿ ಅಕ್ಕ ಅಂತ. ನೀವು ನಗೋದೇ ಇಲ್ಲ ಅಂದೆ, ನಂಬಲ್ಲ ಅವಳು."

"ನಿಜಾನೇ ಹೇಳಿದ್ದೀರಿ."

"ಒಂದು ಸಲ ಒಬ್ಬ ದೊಡ್ಡ ಮನುಷ್ಯರು ಲಿಫ್ಟಿನಲ್ಲಿ ಸಿಕ್ಕಿಹಾಕ್ಕೊಂಡು, 'ನಾನು ಯಾರು ಗೊತ್ತಾ?' ಅಂತ ಕಿರುಚಿದ್ರು. ನಾನು ಮೇಲಿಂದ, 'ಸದ್ಯಕ್ಕೆ ನೀವು ಎರಡಕ್ಕೂ ಮೂರಕ್ಕೂ ಮಧ್ಯದವರು ಸಾರ್' ಅಂದೆ."

ಅವಳು ಯಂತ್ರದ ಒತ್ತಡ ನೋಡಿದಳು. ನಗು ಬರಲಿಲ್ಲ. ಆದರೆ, 'ಇನ್ನೊಂದು ಹೇಳಬಹುದಿತ್ತು...' ಎಂದು ಎಲ್ಲೋ ಒಳಗೆ ಅನಿಸಿತು. ಅದು ಅನಿಸಿಕೆಯೋ ಅಲ್ಲವೋ, ಅವಳಿಗೇ ಖಾತ್ರಿ ಇರಲಿಲ್ಲ.

ಮೂರನೇ ಗುರುವಾರ ಅವನು ಕಥೆ ಹೇಳಲಿಲ್ಲ. ಮುಖ ಕಪ್ಪಿಟ್ಟಿತ್ತು.

"ನಿನ್ನೆ ತುಂಬು ಚೀಲ ಹಾಕಿದ್ರು. ಎಂಟು ಇದ್ದದ್ದು ಒಂಬತ್ತಾಯ್ತು. ಇವತ್ತು ವಸಡಿಂದ ರಕ್ತ ಬರ್ತಿದೆ..."

ಅವಳಿಗೆ ಆಗಲೇ ಗೊತ್ತಿತ್ತು. ಗುಬ್ಬಿಯ ಮೈ ಬೇರೆಯವರ ಪ್ಲೇಟ್‌ಲೆಟ್ಟುಗಳನ್ನು ಹಗೆಗಳೆಂದು ತಿಳಿದು ಹೊಡೆದುಹಾಕುತ್ತಿತ್ತು. ಇನ್ನು ಎರಡು ಚೀಲ ಹಾಕಿದರೂ ಅಷ್ಟೇ. ಡೋಸ್ ಹೆಚ್ಚಿಸಿ ಪ್ರಯೋಜನವಿಲ್ಲ, ಅವಳ ಮೈ ಒಪ್ಪುವಂಥ ದಾನಿಯೇ ಬೇಕು.

ಅವಳು ಅವನ ತೋಳಿಗೆ ಸೂಜಿ ಹಾಕಿ, ಪಕ್ಕದ ಮೇಜಿನಲ್ಲಿ ಹೊಂದಿಕೆಯಾಗಬಲ್ಲ ದಾನಿಗಳ ಪಟ್ಟಿ ಹರಡಿಕೊಂಡು ಫೋನ್ ಎತ್ತಿದಳು.

"ನಮಸ್ಕಾರ. ರಕ್ತನಿಧಿಯಿಂದ. ಒಬ್ಬರಿಗೆ ನಿಮ್ಮ ಪ್ಲೇಟ್‌ಲೆಟ್ ಮಾತ್ರ ಹೊಂದಬಹುದು. ಇವತ್ತೇ ಬರೋಕಾಗುತ್ತಾ?"

ಊರಲ್ಲಿಲ್ಲ. ಜ್ವರ. ಬಸುರಿ. ಫೋನ್ ಎತ್ತಲಿಲ್ಲ. ಮತ್ತೆ ಅದೇ ಮಾತು, ಅದೇ ದನಿ. ಏರಿಳಿತವಿಲ್ಲ. ಹತ್ತು... ಹದಿನೆಂಟು... ಇಪ್ಪತ್ತೇಳು. ಯಾರೋ ಬೈದರು. "ಸರಿ" ಎಂದು ಮುಂದಿನ ನಂಬರ್ ಒತ್ತಿದಳು. ಊಟದ ಹೊತ್ತು ದಾಟಿತು. ಅವನ ಚೀಲ ತುಂಬಿತು. ಸೂಜಿ ತೆಗೆದು, ಹತ್ತಿ ಒತ್ತಿ, ಮತ್ತೆ ಫೋನ್.

ಮೂವತ್ತೆಂಟನೇ ಕರೆಗೆ ಬೇಕರಿ ನಡೆಸುವ ಹೆಂಗಸೊಬ್ಬಳು, "ಕೈಯಲ್ಲಿ ಹಿಟ್ಟಿದೆ, ತೊಳ್ಕೊಂಡು ಬರ್ತೀನಿ" ಎಂದಳು.

ಮರುದಿನ ಗುಬ್ಬಿಯ ಸಂಖ್ಯೆ ಮೂವತ್ತೊಂದು ಸಾವಿರ. ವಸಡಿನ ರಕ್ತ ನಿಂತಿತ್ತು.

ಅವನು ಕೌಂಟರಿನ ಮುಂದೆ ಬಂದು ನಿಂತ. ಇವಳನ್ನಾ ನಾನು ಕಲ್ಲು ಅಂದದ್ದು?

"ಇನ್ನು ನಾನು ಬರೋ ಹಾಗಿಲ್ಲ," ಎಂದ. "ನನ್ನ ಮಜ್ಜೆ ಹೊಂದುತ್ತೆ ಅಂತ ವರದಿ ಬಂತು. ಅದನ್ನ ಕೊಡೋ ತನಕ ಬೇರೇನೂ ಕೊಡಬೇಡಿ ಅಂದಿದ್ದಾರೆ. ಅದಕ್ಕೇ ಇವತ್ತೇ ಕೇಳಿಬಿಡ್ತೀನಿ. ನನಗೆ ನೀವು ಇಷ್ಟ. ತುಂಬಾ. ನಿಮಗೆ... ನನ್ನ ಬಗ್ಗೆ ಏನಾದ್ರೂ ಅನಿಸುತ್ತಾ?"

ಅವಳು ಪ್ರಾಮಾಣಿಕವಾಗಿ ತನ್ನೊಳಗೆ ಹುಡುಕಿದಳು. ಬೀಗ ಹಾಕಿದ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ. ಏನೂ ಕಾಣಲಿಲ್ಲ.

"ನನಗೇನೂ ಅನಿಸಲ್ಲ," ಎಂದಳು.

ಅವನು ಎರಡು ಸಲ ತಲೆಯಾಡಿಸಿದ. "ಸರಿ. ತೊಂದರೆ ಕೊಟ್ಟೆ." ಹೋದ.

ಅವನಿಗೆ ಕೇಳಿಸಿದ್ದು ಬೇರೆ, ಅವಳು ಹೇಳಿದ್ದು ಬೇರೆ. ಆದರೆ ಅದನ್ನು ಬಿಡಿಸಿ ಹೇಳುವವರು ಅಲ್ಲಿ ಯಾರಿದ್ದರು?

*

ಅವನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಗುಬ್ಬಿಗೆ ಕೊಟ್ಟ ಸುದ್ದಿ ಅವಳಿಗೆ ಚೀಟಿಗಳ ಮೂಲಕವೇ ತಿಳಿಯಿತು. ಮಜ್ಜೆ ಬೇರೂರುವ ತನಕ ಗುಬ್ಬಿಯ ಮೈ ತಾನಾಗಿ ಒಂದು ಪ್ಲೇಟ್‌ಲೆಟ್ಟನ್ನೂ ಹುಟ್ಟಿಸಲಾರದು. ಎರಡು ದಿನಕ್ಕೊಮ್ಮೆ ಚೀಟಿ. ಹೊಂದುವ ದಾನಿಗಳು ಈಗ ಮೂವರು. ಸಂಖ್ಯೆ ಏಳು, ಹನ್ನೆರಡು, ಒಂಬತ್ತು, ಹದಿನಾಲ್ಕು... ಏರುವುದು, ಇಳಿಯುವುದು.

ಮೂರು ವಾರದ ಮೇಲೆ ಚೀಟಿ ಬರುವುದು ನಿಂತಿತು.

ಒಂದು ದಿನ. ಎರಡು ದಿನ. ಮೂರು.

ರಕ್ತನಿಧಿಯಲ್ಲಿ ಚೀಟಿ ನಿಲ್ಲುವುದಕ್ಕೆ ಕಾರಣ ಎರಡೇ. ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ನಾಲ್ಕನೇ ದಿನ ಮಧ್ಯಾಹ್ನ ಅವಳ ಕೈ ಫೋನಿನ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. 'ಬೆಡ್ ಖಾಲಿ' ಎಂದು ಇನ್ನೊಮ್ಮೆ ಈ ಫೋನಿನಲ್ಲಿ ಕೇಳಲಾರೆ... ರಕ್ತನಿಧಿಯ ಹಿರಿಯ ಡಾಕ್ಟರಿಗೆ, "ಹತ್ತು ನಿಮಿಷ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತತೊಡಗಿದಳು.

ಮೂರನೇ ಮಹಡಿಯಲ್ಲಿ ಎದೆ ಬಡಿದುಕೊಳ್ಳುತ್ತಿರುವುದು ಗೊತ್ತಾಯಿತು. ಮೆಟ್ಟಿಲು ಹತ್ತಿದ್ದಕ್ಕೆ ಅಂದುಕೊಂಡಳು. ಐದನೇ ಮಹಡಿಯ ಬಾಗಿಲ ಮುಂದೆ ನಿಂತು ಉಸಿರು ಸರಿಹೋದ ಮೇಲೂ ಅದು ನಿಲ್ಲಲಿಲ್ಲ.

ಒಳಗೆ ಉದ್ದನೆಯ ಕಾರಿಡಾರ್. ಮಜ್ಜೆ ಹಾಕಿಸಿಕೊಂಡ ಒಬ್ಬೊಬ್ಬರಿಗೂ ಗಾಜಿನ ಗೋಡೆಯ ಕೋಣೆ. ಮೊದಲ ಕೋಣೆಯ ಹಾಸಿಗೆ ಖಾಲಿ, ಹೊದಿಕೆ ಮಡಚಿಟ್ಟಿತ್ತು.

ಎರಡನೇ ಕೋಣೆಯಲ್ಲಿ ಕೂದಲಿಲ್ಲದ ಒಬ್ಬ ಹುಡುಗಿ ಮೊಣಕಾಲ ಮೇಲೆ ಹಾಳೆ ಇಟ್ಟು ಏನೋ ಬಿಡಿಸುತ್ತಿದ್ದಳು. ತಲೆ ಎತ್ತಿದಳು. ಎದೆಯ ಮೇಲಿನ ರಕ್ತನಿಧಿಯ ಬಿಲ್ಲೆ ಓದಿದಳು. ಕಣ್ಣರಳಿಸಿ ಗೋಡೆಯ ಫೋನ್ ಎತ್ತಿಕೊಂಡಳು.

"ಹಳದಿ ಅಕ್ಕ! ಅಲ್ವಾ? ಅಣ್ಣ ಹೇಳಿದ ಹಾಗೇ ಇದ್ದೀರ, ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ!"

ಅವಳು ಈಚೆಯ ಫೋನ್ ಹಿಡಿದಳು. "ಎಷ್ಟು?"

"ಇಪ್ಪತ್ತೆಂಟು ಸಾವಿರ! ನಿಮ್ಮ ಒಂದು ಹನಿಯೂ ಇಲ್ಲದೆ, ಎಲ್ಲ ನಂದೇ! ಅಂದ್ರೆ... ಅಣ್ಣಂದು. ಇನ್ಮೇಲೆ ಅವನ ಹಾಗೇ ಗೊರಕೆ ಹೊಡೀತೀನೇನೋ ಅಂತ ಒಂದೇ ಭಯ. ಅಕ್ಕಾ? ಅಕ್ಕಾ, ಕೂತ್ಕೊಳ್ಳಿ!"

ಅವಳು ಹಿಂದಿದ್ದ ಬೆಂಚಿನ ಮೇಲೆ ಕುಸಿದಳು. ಅಳು ಬರಲಿಲ್ಲ. ಉಸಿರು ಮಾತ್ರ ಎಷ್ಟೋ ದಿನದ ಮೇಲೆ ಹೊಟ್ಟೆಯ ತನಕ ಇಳಿಯಿತು.

"ನೀವು... ಇಲ್ಲಿ?"

ಕಾರಿಡಾರಿನ ತುದಿಯಲ್ಲಿ ಅವನು. ಒಗೆದ ಬಟ್ಟೆಯ ಚೀಲ ಕೈಯಲ್ಲಿ. ಸೊಂಟದ ನೋವು ಇನ್ನೂ ಹೋಗಿರಲಿಲ್ಲ, ನಡಿಗೆ ಒಂದಿಷ್ಟು ವಾಲುತ್ತಿತ್ತು.

"ಚೀಟಿ ಬರಲಿಲ್ಲ," ಎಂದಳು.

"ಬೇಕಾಗಲಿಲ್ಲ."

"ಅದು ಈಗ ಗೊತ್ತಾಯ್ತು."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಜೋಪಾನವಾಗಿ ಕೂತ.

"ಅವತ್ತು ನಾನು ಹೇಳಿದ್ದು..." ಅವಳು ಪದಗಳನ್ನು ಒಂದೊಂದಾಗಿ ಎತ್ತಿಟ್ಟಳು. "ಅದು ನಿಮಗೆ ಮಾತ್ರ ಹೇಳಿದ್ದಲ್ಲ. ಅಮ್ಮ ಈ ಮಹಡಿಯಲ್ಲೇ ಹೋದಳು. ಆಮೇಲಿಂದ ನನಗೆ ಯಾವುದರ ಬಗ್ಗೆಯೂ ಏನೂ ಅನಿಸಲ್ಲ. ನೀವು ಕೇಳಿದ್ರಿ, ಇದ್ದದ್ದು ಹೇಳಿದೆ."

"ನಾನು 'ಬೇಡ' ಅಂತ ಕೇಳಿಸ್ಕೊಂಡೆ."

"ಬೇಡ ಅಂತ ನಾನು ಅನ್ನಲೇ ಇಲ್ಲ."

ಅವನು ತಟ್ಟನೆ ತಿರುಗಿದ.

"ನೀವು ಬರೋದು ನಿಂತ ಮೇಲೆ ಗುರುವಾರ ಕಿಟಕಿ ಪಕ್ಕದ ಕುರ್ಚಿಗೆ ನಾನು ಯಾರನ್ನೂ ಕೂರಿಸಲಿಲ್ಲ. ಬೇರೆ ಕುರ್ಚಿ ತೋರಿಸ್ತಿದ್ದೆ. ಯಾಕೆ ಅಂತ ನನಗೇ ಗೊತ್ತಿಲ್ಲ. ಇವತ್ತು ಮೆಟ್ಟಿಲು ಹತ್ತುವಾಗ ಗುಬ್ಬಿಗೋಸ್ಕರ ಹೆದರಿದೆ. ಅವಳಿಗೇನಾದ್ರೂ ಆಗಿದ್ರೆ ನೀವು ಏನಾಗ್ತೀರಿ ಅಂತ ಅದಕ್ಕಿಂತ ಹೆಚ್ಚು ಹೆದರಿದೆ. ಇದಕ್ಕೆ ಏನಂತಾರೆ?"

"ಹೆಸರು ಆಮೇಲೆ ಇಡೋಣ... ನನಗೇನೂ ಅವಸರ ಇಲ್ಲ."

"ನಾನು ಎಂದಿಗೂ ಸರಿಹೋಗದೇ ಇರಬಹುದು."

"ಇರಬಹುದು. ಆದ್ರೂ ಪಕ್ಕದಲ್ಲಿ ಕೂತಿರ್ತೀನಿ."

ಅವಳ ಕೈ ಬೆಂಚಿನ ಮೇಲೆ ಜರುಗಿ, ಗ್ರೀಸಿನ ಕಲೆಯಿದ್ದ ಅವನ ಬೆರಳುಗಳ ಮೇಲೆ ಕೂತಿತು. ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವಳಿಗೆ ಗೊತ್ತಾಯಿತು!

"ಈಗ ಏನನಿಸ್ತಿದೆ?" ಅವನು ಮೆಲ್ಲಗೆ ಕೇಳಿದ.

ಅವಳು ಬಹಳ ಹೊತ್ತು ಯೋಚಿಸಿದಳು.

"ಹಸಿವು."

ಅವನು ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡು ಎದ್ದು ಕೈ ಚಾಚಿದ. "ಬನ್ನಿ, ಕೆಳಗೆ ಏನಾದ್ರೂ ತಿನ್ನೋಣ."

"ಬನ್ನಿ ಅಲ್ಲ. 'ಬಾ' ಅನ್ನಿ."

"ಹಾಗಾದ್ರೆ ನೀನೂ 'ಅನ್ನಿ' ಬಿಡಬೇಕು."

ಅವಳು ಆ ಪದವನ್ನು ನಾಲಗೆಯ ಮೇಲೆ ಇಟ್ಟು ನೋಡಿದಳು.

"ಬಾ ಅನ್ನು..."

"ಬಾ."

ಅವಳು ಎದ್ದಳು.