ಓದುಗರ ಪುಟದಲ್ಲಿ ನಡೆಯದೇ ಹೋದ ಜಗಳ

“ಇವನಿಗೆ ಬೇರೆ ಕೆಲಸಾನೇ ಇಲ್ವಾ?” ಎಂದು ಶರ್ವಾಣಿ ಗೊಣಗಿದಳು. ಗೊಣಗಿದ್ದು ಕನ್ನಡದಲ್ಲಿ. ನೈರೋಬಿಯ ಕಿಲಿಮಾನಿ ಬಡಾವಣೆಯ ಆ ಕಾಫಿ ಅಂಗಡಿಯ ಮಹಡಿಯಲ್ಲಿ ಸೇರಿದ್ದವರಲ್ಲಿ ಯಾರಿಗೂ ಅದು ಅರ್ಥವಾಗುವುದಿಲ್ಲ ಎಂಬ ಧೈರ್ಯ ಅವಳದು.

ಎದುರು ನಿಂತು ಓದುತ್ತಿದ್ದವನು ಹಾಳೆಯಿಂದ ತಲೆಯೆತ್ತಿದ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ. ನೇರ ಅವಳನ್ನೇ ನೋಡಿ, “ಕೆಲಸ ಉಂಟು ಮಾರಾಯ್ರೆ, ಸಂಬಳ ಕಡಿಮೆ ಅಷ್ಟೆ” ಅಂದ.

ಅವಳ ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದ ಪೀಟರ್ ಏನೆಂದು ಕೇಳಿದ. ಏನಿಲ್ಲವೆಂದು ಅವಳು ಕೈಯಾಡಿಸಿದಳು.

ಅದು ೨೦೧೩ರ ಜುಲೈ. ಮೈಸೂರಿನ ಶರ್ವಾಣಿ ನೈರೋಬಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆರೋಗ್ಯದ ಕೆಲಸ ಮಾಡುವ ಎನ್‌ಜಿಒ ಒಂದರಲ್ಲಿ ವರದಿ ಬರೆಯುವುದು ಅವಳ ಉದ್ಯೋಗ. ಸಹೋದ್ಯೋಗಿ ಪೀಟರ್ ವೈಜ್ಞಾನಿಕ ಕಥೆಗಳ ಹುಚ್ಚಿನವರ ಒಂದು ಕ್ಲಬ್ ನಡೆಸುತ್ತಿದ್ದ. ಶನಿವಾರ ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀಯ ಎಂದು ಎಳೆದುಕೊಂಡು ಬಂದಿದ್ದ. ಅಂದಿನ ಭಾಷಣಕಾರ ಡೆಂಜಿಲ್. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು, ಹುಟ್ಟಿ ಬೆಳೆದದ್ದು ಇಲ್ಲೇ ಪಂಗಾನಿಯಲ್ಲಿ, ಹೆತ್ತವರು ಮಂಗಳೂರಿನವರು. ಎಪ್ಪತ್ತು ಎಂಬತ್ತು ವರ್ಷಗಳ ಹಿಂದೆ ಅಮೆರಿಕದ ಹುಡುಗರು ಮನೆಯಲ್ಲೇ ಅಚ್ಚು ಮಾಡಿ ಹಂಚುತ್ತಿದ್ದ ಅಭಿಮಾನಿ ಪತ್ರಿಕೆಗಳ ಮೇಲೆ ಅವನ ಸಂಶೋಧನೆ. ಅದೂ ಕಥೆಗಳ ಮೇಲಲ್ಲ, ಓದುಗರ ಅಭಿಪ್ರಾಯಗಳ ಮೇಲೆ.

“ಸಂಪಾದಕರೇ, ನಿಮ್ಮ ಕಥೆಯ ರಾಕೆಟ್‌ಗಿಂತ ನಮ್ಮೂರಿನ ಹಾಲಿನ ಗಾಡಿ ಬೇಗ ಹೋಗುತ್ತದೆ,” ಎಂದು ಯಾವನೋ ಬರೆದದ್ದನ್ನು ಅವನು ಎಷ್ಟು ಗಂಭೀರವಾಗಿ ಓದಿದ್ದನೆಂದರೆ, ಅದಕ್ಕೇ ಅವಳು ಗೊಣಗಿದ್ದು.

ಭಾಷಣ ಮುಗಿದ ಮೇಲೆ ಅವನೇ ಎರಡು ಲೋಟ ಟೀ ಹಿಡಿದುಕೊಂಡು ಬಂದ.

“ಸಾರಿ,” ಅಂದಳು ಶರ್ವಾಣಿ. “ನಿಮಗೆ ಕನ್ನಡ ಬರುತ್ತೆ ಅಂತ ಗೊತ್ತಿರ್ಲಿಲ್ಲ.”

“ಗೊತ್ತಿದ್ದಿದ್ರೆ ಇಂಗ್ಲಿಷಲ್ಲಿ ಬೈತಿದ್ರಾ?”

“ಬೈತಿರ್ಲಿಲ್ಲ. ಮನಸ್ಸಲ್ಲೇ ಇಟ್ಕೊತಿದ್ದೆ.”

“ಅದು ಇನ್ನೂ ಕೆಟ್ಟದ್ದು.” ಅವನು ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವುದನ್ನು ಅವಳು ನೋಡಿದಳು, ನೋಡಿದ್ದು ತಿಳಿಯಬಾರದೆಂದು ಟೀ ಕುಡಿದಳು. “ಕಥೆಗಳನ್ನು ಎಲ್ರೂ ಜೋಪಾನ ಮಾಡ್ತಾರೆ. ಓದಿದವ್ರು ಎಂತ ಹೇಳಿದ್ರು ಅಂತ ಯಾರೂ ಇಟ್ಕೊಳ್ಳುದಿಲ್ಲ. ಅದಕ್ಕೆ ನಾನು ಇಟ್ಕೊಂಡಿದ್ದೇನೆ.”

ಹೀಗೆ ಶುರುವಾಯಿತು.

ಆಮೇಲೆ ಶನಿವಾರ ಮಧ್ಯಾಹ್ನಗಳೆಲ್ಲ ಪಂಗಾನಿಯ ಆ ಹಳೆಯ ಮನೆಗೇ ಮೀಸಲಾದವು. ಡೆಂಜಿಲ್ ತರಿಸಿಕೊಂಡಿದ್ದ ಸ್ಕ್ಯಾನ್ ಪ್ರತಿಗಳು ಊಟದ ಮೇಜಿನ ತುಂಬ ಹರಡಿರುತ್ತಿದ್ದವು. ಒಂದೆರಡು ಅಸಲಿ ಪತ್ರಿಕೆಗಳೂ ಇದ್ದವು: ನೇರಳೆ ಶಾಯಿ ಮಾಸಿ, ಮುಟ್ಟಿದರೆ ಮುರಿಯುವಂಥ ಹಾಳೆಗಳು. ಅವಳು ಓದಿ ಹೇಳುವುದು, ಅವನು ಟೈಪ್ ಮಾಡುವುದು. ಅವನ ತಾಯಿ ಮೇರಿ, ಈ ಹುಡುಗಿ ಮೀನು ತಿನ್ನುವುದಿಲ್ಲವೆಂದು ತಿಳಿದ ದಿನದಿಂದ, ಅವಳಿಗೆಂದೇ ಬೇರೆ ಪಾತ್ರೆಯಲ್ಲಿ ಅಲಸಂಡೆ ಪಲ್ಯ ಮಾಡತೊಡಗಿದರು.

ಆ ಓದುಗರು ಎಂಥ ಜಗಳಗಂಟರು! ಪ್ರತಿ ಕಥೆಗೂ ಅಂಕ ಕೊಡುತ್ತಿದ್ದರು, ಚಿತ್ರಕಾರನಿಗೆ ಕೈಬೆರಳು ಬರೆಯಲು ಬರುವುದಿಲ್ಲ ಎನ್ನುತ್ತಿದ್ದರು, ಮಂಗಳ ಗ್ರಹದ ಕಥೆಯಲ್ಲಿ ಪ್ರೇಮ ಯಾಕೆ ಬೇಕು ಎಂದು ಸಿಡುಕುತ್ತಿದ್ದರು. ಅವರಲ್ಲಿ ಇಬ್ಬರ ಜಗಳ ಸಂಚಿಕೆಯಿಂದ ಸಂಚಿಕೆಗೆ ಮುಂದುವರಿದಿತ್ತು. ಒಬ್ಬನು ಓಹಾಯೋದ ಗಡಿಯಾರ ರಿಪೇರಿಯವನು. ಇನ್ನೊಬ್ಬರು ಬರೀ ಇನಿಷಿಯಲ್ ಹಾಕಿ ಬರೆಯುವವರು. ಮೂರು ವರ್ಷ ಬೈದಾಡಿಕೊಂಡ ಮೇಲೆ ಗಡಿಯಾರದವನು ಎದುರಾಳಿಯ ಮುಖ ನೋಡಲೆಂದೇ ರೈಲು ಹತ್ತಿದ. ಸ್ಟೇಷನ್ನಿನಲ್ಲಿ ಹೆಂಗಸೊಬ್ಬಳು ನಿಂತಿದ್ದಳು.

“ಆಮೇಲೆ?” ಶರ್ವಾಣಿ ಕೇಳಿದಳು.

“ಆಮೇಲೆ ಎಂತ? ಮದುವೆ. ಮುಂದಿನ ಸಂಚಿಕೆಯಲ್ಲಿ ಇಬ್ರೂ ಸೇರಿ ಸಂಪಾದಕನಿಗೆ ಬೈದಿದ್ದಾರೆ.” ಡೆಂಜಿಲ್ ಹಾಳೆಯನ್ನು ಅವಳತ್ತ ಸರಿಸಿದ. “ಆ ಪುಟದಲ್ಲಿ ಬೈಯುದು ಅಂದ್ರೆ ಬಾಗಿಲು ತಟ್ಟಿದ ಹಾಗೆ, ಶರ್ವಾಣಿ. ಒಳಗಿದ್ದವ್ರು ತೆಗೀಬೇಕು ಅಷ್ಟೆ.”

ಹಾಳೆಯ ಮೇಲೆ ಇಬ್ಬರ ಬೆರಳೂ ಇದ್ದವು. ಯಾರೂ ಕೂಡಲೇ ತೆಗೆಯಲಿಲ್ಲ.

ಕ್ಲಬ್ಬಿಗೂ ಅಂಥದ್ದೇ ಪತ್ರಿಕೆ ಬೇಕೆಂದು ಹಟ ಮಾಡಿದವಳು ಶರ್ವಾಣಿಯೇ. ಎರಡು ತಿಂಗಳಿಗೊಮ್ಮೆ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದ ಪುಟ್ಟ ಇಂಗ್ಲಿಷ್ ಪತ್ರಿಕೆ. ಡೆಂಜಿಲ್ ಸಂಪಾದಕ. ಕಥೆಗೂ ಅಭಿಪ್ರಾಯಕ್ಕೂ ಎಲ್ಲರೂ ಗುಪ್ತನಾಮವನ್ನೇ ಬಳಸಬೇಕೆಂಬ ನಿಯಮ. ಶರ್ವಾಣಿ ‘ಕಿಲಿಮಾನಿ ಮೆಣಸಿನಕಾಯಿ’ ಆದಳು. ಅವಳ ಖಾರಕ್ಕಾಗಿಯೇ ಜನ ಮೊದಲು ಕೊನೆಯಲ್ಲಿದ್ದ ಓದುಗರ ಪುಟ ತೆರೆಯುತ್ತಿದ್ದರು.

‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ನೆನಪಿರಲಿಲ್ಲ. ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಅಕ್ಕಪಕ್ಕ ಕೂತಾಗ ಅವನು ಕಿಟಕಿ ಕಡೆಯ ಸೀಟು ಅವಳಿಗೆ ಬಿಡುತ್ತಿದ್ದ. ಅವಳು ಕಿಟಕಿಯ ಗಾಜಿನಲ್ಲಿ ಅವನನ್ನೇ ನೋಡುತ್ತಿದ್ದಳು. ಇಬ್ಬರೂ ಬಾಯಿ ಬಿಡಲಿಲ್ಲ.

ಒಮ್ಮೆ ಮೈಸೂರಿನಿಂದ ಅಮ್ಮನ ಫೋನ್ ಬಂದು ಹೋದ ಮೇಲೆ ಶರ್ವಾಣಿ ನಗುತ್ತಲೇ ಅಂದಳು: “ನಮ್ಮನೇಲಿ ಅಡುಗೆಮನೆಗೆ ಈರುಳ್ಳಿ ಬಂದ್ರೇನೇ ದೊಡ್ಡ ರಾದ್ಧಾಂತ. ಇನ್ನು...”

“ಇನ್ನು?” ಡೆಂಜಿಲ್ ಟೈಪ್ ಮಾಡುವುದನ್ನು ನಿಲ್ಲಿಸಿದ.

“ಏನಿಲ್ಲ ಬಿಡು.”

ಅವನು ಬಿಟ್ಟ. ಬಿಡಬಾರದಿತ್ತು ಎಂದು ಅವಳಿಗೆ ಆ ಕ್ಷಣವೇ ಅನ್ನಿಸಿತು.

೨೦೧೫ರ ಆಗಸ್ಟ್ ಸಂಚಿಕೆಯಲ್ಲಿ ಒಂದು ಕಥೆ ಬಂತು. ದೂರದ ಉಪಗ್ರಹವೊಂದರಲ್ಲಿ ಒಬ್ಬ ಹವಾಮಾನದ ಕಾವಲುಗಾರ. ಆ ದಾರಿಯಲ್ಲಿ ಹೋಗಿ ಬರುವ ಹಡಗಿನ ನಾವಿಕಳೊಬ್ಬಳಿಗೆ ಅವನು ದಿನಾ ಗಾಳಿಯ ವರದಿ ಕಳಿಸುತ್ತಾನೆ. ಹೇಳಬೇಕಾದದ್ದು ಬೇರೆಯೇ ಇದೆ. ಆದರೆ ಅವಳ ಊರಿನವರು ತನ್ನ ಗ್ರಹದವರ ಕೈಯ ನೀರನ್ನೂ ಮುಟ್ಟುವುದಿಲ್ಲವೆಂದು ಅವನು ಕೇಳಿದ್ದಾನೆ. ಕಡೆಗೂ ಗಾಳಿಯ ವರದಿಯನ್ನಷ್ಟೇ ಕಳಿಸುತ್ತಾನೆ.

ಎರಡನೇ ಪುಟ ಮುಗಿಯುವಷ್ಟರಲ್ಲಿ ಶರ್ವಾಣಿಗೆ ಗೊತ್ತಾಯಿತು, ಇದು ಡೆಂಜಿಲ್ ಬರೆದದ್ದು. ನಾವಿಕಳು ನಗು ಬಂದಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು, ಶರ್ವಾಣಿಯ ಹಾಗೆಯೇ. ಅವಳು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತಳು. ಸಂತೋಷವೋ ಭಯವೋ ಬಿಡಿಸಿ ಹೇಳಲಾಗಲಿಲ್ಲ. ಮೈಸೂರಿನ ಮನೆ, ಅಪ್ಪನ ಮುಖ, ಮೇರಿ ಆಂಟಿಯ ಮನೆಯ ಗೋಡೆಯ ಮೇಲಿನ ಶಿಲುಬೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಫೋನ್ ಕೈಯಲ್ಲೇ ಇತ್ತು. ಅವಳು ಫೋನ್ ಮಾಡಲಿಲ್ಲ. ಬದಲಿಗೆ ಕೂತು ಅಭಿಪ್ರಾಯ ಬರೆದಳು.

“ಹತ್ತಕ್ಕೆ ಮೂರು. ಗಾಳಿಯ ಬಗ್ಗೆ ಇಷ್ಟೆಲ್ಲ ತಿಳಿದವನಿಗೆ ಹೆಣ್ಣಿನ ಮನಸ್ಸಿನ ಬಗ್ಗೆ ಏನೂ ತಿಳಿಯದು. ಬಾಯಿ ಬಿಡದ ಇಂಥ ಗಂಡಸಿಗಾಗಿ ಯಾವ ನಾವಿಕಳೂ ಹಡಗು ತಿರುಗಿಸುವುದಿಲ್ಲ. ಲೇಖಕರು ಬೇರೆ ಕಥೆ ಬರೆಯಲಿ.”

ಬರೆದು ತಾನೇ ನಕ್ಕಳು. ಇದಕ್ಕೆ ಅವನು ಸುಮ್ಮನಿರಲು ಸಾಧ್ಯವೇ? ಮುಂದಿನ ಸಂಚಿಕೆಯಲ್ಲಿ ಉರಿದು ಬೀಳುತ್ತಾನೆ, ತಾನು ಮತ್ತೆ ಕೆಣಕುತ್ತೇನೆ, ಆಮೇಲೆ ಯಾವುದೋ ಶನಿವಾರ ಇಬ್ಬರೂ ನಗುತ್ತಾ... ಮುಂದಿನದನ್ನು ಅವಳು ಯೋಚಿಸಲಿಲ್ಲ. ಅಭಿಪ್ರಾಯವನ್ನು ಮೇಲ್ ಮಾಡಿ, ಆಫೀಸಿನ ಕೆಲಸದ ಮೇಲೆ ಉತ್ತರದ ತುರ್ಕಾನಾಕ್ಕೆ ಹೊರಟುಹೋದಳು.

ಅಲ್ಲಿ ಫೋನ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಿಸಿಲಿಗೆ ಕಾದ ಜೀಪಿನಲ್ಲಿ ಕೂತು, ಅವನು ಏನೇನು ಬೈಯಬಹುದು ಎಂದು ಕಲ್ಪಿಸಿಕೊಂಡು ಒಬ್ಬಳೇ ನಗುತ್ತಿದ್ದಳು. ಡ್ರೈವರ್ ಆಲ್ಫ್ರೆಡ್ ಕನ್ನಡಿಯಲ್ಲಿ ನೋಡಿ, ತಲೆ ಅಲ್ಲಾಡಿಸಿ, ಗೇರ್ ಬದಲಿಸುತ್ತಿದ್ದ.

ಅವಳು ವಾಪಸಾದಾಗ ಅಕ್ಟೋಬರ್ ಸಂಚಿಕೆ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಬ್ಯಾಗು ಇಳಿಸದೆಯೇ ಕೊನೆಯ ಪುಟ ತೆರೆದಳು. ಅವಳ ಅಭಿಪ್ರಾಯ ಒಂದು ಅಲ್ಪವಿರಾಮವೂ ಬದಲಾಗದೆ ಅಚ್ಚಾಗಿತ್ತು. ಅದರ ಕೆಳಗೆ ಒಂದೇ ಸಾಲು:

“ಲೇಖಕರು ಓದುಗರ ಅಭಿಪ್ರಾಯವನ್ನು ಒಪ್ಪುತ್ತಾರೆ.”

ಶರ್ವಾಣಿ ಅದನ್ನು ನಿಂತಲ್ಲೇ ಮತ್ತೆ ಮತ್ತೆ ಓದಿದಳು. ಟ್ಯಾಕ್ಸಿ ಕರೆದು ನೇರ ಪಂಗಾನಿಗೆ ಹೋದಳು.

ಬಾಗಿಲು ತೆರೆದವರು ಮೇರಿ. ಅವರ ಕೈಯಲ್ಲಿ ಸಿಹಿಯ ತಟ್ಟೆಯಿತ್ತು. “ಬಂದ್ಯಾ ಮಗಾ? ಒಳ್ಳೇದಾಯ್ತು. ಡೆಂಜಿಲ್‌ಗೆ ಮದುವೆ ಗೊತ್ತಾಯ್ತು. ಹುಡುಗಿ ಲೀಲಾ ಅಂತ, ಮಂಗಳೂರಲ್ಲಿ ನರ್ಸ್. ಮತ್ತೆ ಇವನಿಗೆ ಸೌತ್ ಆಫ್ರಿಕಾದ ಡರ್ಬನ್‌ನಲ್ಲಿ ಕೆಲಸವೂ ಸಿಕ್ಕಿತು. ತಿನ್ನು, ಮೊಟ್ಟೆ ಹಾಕಿಲ್ಲ ಇದಕ್ಕೆ.”

ಅವಳು ತಿಂದಳು.

ಡೆಂಜಿಲ್ ಹಿತ್ತಲಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಎಡಗೆನ್ನೆಯ ಗುಳಿ ಮೂಡಲಿಲ್ಲ.

“ಕಂಗ್ರಾಟ್ಸ್,” ಅಂದಳು.

“ಥ್ಯಾಂಕ್ಸ್.”

“ನಾನು ಬರೆದದ್ದು ಜಗಳಕ್ಕೆ, ಡೆಂಜಿಲ್. ನೀನು ತಿರುಗಿ ಬೈತೀಯ ಅಂತ. ನೀನೇ ಹೇಳಿದ್ಯಲ್ಲ, ಬೈಯೋದು ಅಂದ್ರೆ ಬಾಗಿಲು ತಟ್ಟಿದ ಹಾಗೆ ಅಂತ. ಕಥೆ ನಿಂದು ಅಂತ ನಂಗೆ ಗೊತ್ತಿತ್ತು. ಯಾರಿಗೆ ಬರೆದದ್ದು ಅಂತಾನೂ ಗೊತ್ತಿತ್ತು.”

ಅವನು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟ. “ಗೊತ್ತಿದ್ದೂ?”

“ಭಯ ಆಯ್ತು. ತಮಾಷೆ ಮಾಡಿದ್ರೆ ಭಯ ಕಮ್ಮಿ ಆಗುತ್ತೆ ಅಂದ್ಕೊಂಡೆ.”

“ನಾನು ಬಾಗಿಲು ತಟ್ಟಿದ್ದು ಆ ಕಥೆಯಲ್ಲಿ, ಶರ್ವಾಣಿ. ನೀನು ಒಳಗಿಂದ ಚಿಲಕ ಹಾಕಿದೆ ಅಂತ ಅನ್ನಿಸ್ತು ನನಗೆ. ಎಷ್ಟೋ ಜನರ ಅಭಿಪ್ರಾಯ ಓದಿದವ ನಾನು. ನಿನ್ನದು ಒಂದು ಓದ್ಲಿಕ್ಕೆ ಬರ್ಲಿಲ್ಲ ನೋಡು.”

“ಈಗ ಹೇಳ್ತೀನಿ. ನಿನ್ನ ಕಂಡ್ರೆ ನಂಗೆ ಇಷ್ಟ. ಮೊದಲ ದಿನದಿಂದ.”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಕನ್ನಡಕವಿಲ್ಲದ ಆ ಕಣ್ಣುಗಳನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವು ಒದ್ದೆಯಾಗಿದ್ದವು.

“ಲೀಲಾ ಕೆಲಸಕ್ಕೆ ರಾಜೀನಾಮೆ ಕೊಟ್ಟಾಯ್ತು,” ಅಂದ ಮೆಲ್ಲಗೆ. “ನಿನ್ನೆ ಫೋನಲ್ಲಿ, ಡರ್ಬನ್‌ನಲ್ಲಿ ಚಳಿ ಉಂಟಾ, ಸ್ವೆಟರ್ ಬೇಕಾ ಅಂತ ಕೇಳಿದ್ಲು. ಅವಳು ಎಂತ ತಪ್ಪು ಮಾಡಿದ್ದಾಳೆ, ಹೇಳು?”

ಶರ್ವಾಣಿ ಇಲ್ಲವೆಂದು ತಲೆಯಾಡಿಸಿದಳು. ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ಅವಳು ಬಗ್ಗಿ ಕೆಳಗಿದ್ದ ಪುಸ್ತಕಗಳನ್ನು ಎತ್ತಿ ಅವನ ಕೈಗೆ ಕೊಡತೊಡಗಿದಳು. ಅವನು ಒಂದೊಂದಾಗಿ ಪೆಟ್ಟಿಗೆಗೆ ಇಟ್ಟ. ಬಿಸಿಲು ಗೋಡೆ ಹತ್ತುವವರೆಗೂ ಇಬ್ಬರೂ ಆ ಕೆಲಸವನ್ನೇ ಮಾಡಿದರು. ಬೇಗ ಮುಗಿಯುವಂಥ ಕೆಲಸ ಅದು, ಇಬ್ಬರೂ ನಿಧಾನ ಮಾಡಿದರು.

ಹೊರಡುವಾಗ ಅವನು ಗೇಟಿನವರೆಗೆ ಬಂದ. “ನಿಧಾನ ಹೋಗು,” ಅಂದ. ಅಷ್ಟೇ.

ಮದುವೆ ಮಂಗಳೂರಿನಲ್ಲಿ ಜನವರಿಯಲ್ಲಿ ಆಯಿತು. ಡೆಂಜಿಲ್ ಮತ್ತು ಲೀಲಾ ಅಲ್ಲಿಂದಲೇ ಡರ್ಬನ್‌ಗೆ ಹೋದರು. ಪತ್ರಿಕೆ ನಿಂತಿತು.

ಈಸ್ಟರ್ ಕಳೆದ ಮೇಲೊಂದು ಶನಿವಾರ ಮೇರಿ ತಾವಾಗಿಯೇ ಫೋನ್ ಮಾಡಿ ಊಟಕ್ಕೆ ಕರೆದರು. ಶರ್ವಾಣಿ ಹೋದಳು. ಖಾಲಿಯಾದ ಮೇಜಿನ ಮೇಲೆ ಅವರು ಪಲ್ಯ ಬಡಿಸಿದರು, ಎದುರು ಕೂತರು, ಮದುವೆಯ ಫೋಟೋಗಳನ್ನು ತೋರಿಸಿದರು. ಲೀಲಾ ಚೆಂದವಿದ್ದಳು.

“ಒಂದು ಮಾತು ಹೇಳ್ಲಾ ಮಗಾ?” ಅಂದರು ಮೇರಿ, ಫೋಟೋಗಳನ್ನು ಮುಚ್ಚಿಡುತ್ತಾ. “ಬೇಜಾರು ಮಾಡ್ಕೊಳ್ಬೇಡ.”

“ಹೇಳಿ ಆಂಟಿ.”

“ನಾನು ಎರಡು ವರ್ಷ ನಿನಗೆ ಕಾದೆ. ನಿನ್ನ ಅಪ್ಪನ ಹತ್ರ ಎಂತ ಮಾತಾಡುದು, ಹೇಗೆ ಶುರು ಮಾಡುದು, ಎಲ್ಲ ಯೋಚ್ನೆ ಮಾಡಿ ಇಟ್ಕೊಂಡಿದ್ದೆ. ಮೈಸೂರಿಗೆ ನಾನೇ ಹೋಗುವ ಅಂತ ಇದ್ದೆ. ನೀನು ಒಂದು ಮಾತು ಹೇಳ್ಲಿ ಅಂತ ನೋಡಿದೆ. ಹೇಳ್ಲಿಲ್ಲ. ಆಮೇಲೆಯೇ ನಾನು ಲೀಲಾಳ ಮನೆಗೆ ಫೋನ್ ಮಾಡಿದ್ದು.”

ಶರ್ವಾಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ನಿಮಗೆ... ನಾನು ಒಪ್ಪಿಗೆ ಇದ್ನಾ ಆಂಟಿ?”

“ಅಯ್ಯೋ ಮಗಾ,” ಅಂದರು ಮೇರಿ. “ಒಪ್ಪಿಗೆ ಇಲ್ಲದಿದ್ರೆ ನಾನ್ಯಾಕೆ ವಾರ ವಾರ ಬೇರೆ ಪಾತ್ರೆ ಇಡ್ತಿದ್ದೆ?”