ಅಬ್ಬಿಗೆರೆಯ ತುಂಬಿದ ಕೊಡಗಳು

ನನ್ನ ಹೆಂಡತಿ ಸೀತಾಗೆ ಕರೆಂಟೇ ಉಸಿರು. ಹಗಲೂ ರಾತ್ರಿ ಅವಳ ಮೂಗಿಗೆ ಆಕ್ಸಿಜನ್ ಯಂತ್ರದ ನಳಿಕೆ. ಬುಧವಾರ ಅಬ್ಬಿಗೆರೆಯಲ್ಲಿ ಸಂಜೆವರೆಗೆ ಕರೆಂಟಿಲ್ಲ ಎಂದು ಮೊದಲೇ ತಿಳಿಸಿದ್ದರು. ನಮ್ಮ ಕಟ್ಟಡದಲ್ಲಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಲಿಫ್ಟು, ನೀರಿನ ಪಂಪು, ಮನೆಗಳ ಪ್ಲಗ್ಗು, ಎಲ್ಲಕ್ಕೂ ಜನರೇಟರ್ ಇತ್ತು. ಮಂಗಳವಾರ ನಮ್ಮ ಸಂಘದ ಕಾರ್ಯದರ್ಶಿ ಮಹೇಂದ್ರ ಬಾಗಿಲಿಗೆ ಬಂದು, ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ ಎಂದು ವಿಚಾರಿಸಿದ್ದ. ಖಾಲಿಯಾಗಿದೆ, ಜನರೇಟರ್ ಇದೆಯಲ್ಲ ಎಂದೆ. ಒಳ್ಳೆಯ ಮನುಷ್ಯ ಎಂದು ಸೀತಾ ಮೆಚ್ಚಿಕೊಂಡಳು.

ಬೆಳಿಗ್ಗೆ ಕರೆಂಟು ಹೋದಾಗ ಜನರೇಟರ್ ಕೆಮ್ಮಿ ನಿಂತಿತು. ಹಿಂದಿನ ದಿನವಷ್ಟೇ ತುಂಬಿಸಿದ್ದ ಡೀಸೆಲ್ ಒಂದು ಹನಿಯೂ ಇರಲಿಲ್ಲ. ಸೀತಾಳನ್ನು ಕುರ್ಚಿಯಲ್ಲಿ ಹೊತ್ತು ಮೆಟ್ಟಿಲಿಳಿಸುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು.

ಸಂಜೆ ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಬಂದೆ. ಅವಳು ಐಸಿಯುನಲ್ಲಿದ್ದಳು, ನಾಳೆಯವರೆಗೆ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಕೆಳಗೆ ಕಾರು ನಿಲ್ಲಿಸುವಲ್ಲಿ ಎಲ್ಲರೂ ಸೇರಿದ್ದರು. ಡೀಸೆಲ್ ಕದ್ದು ಮಾರಿದವನು ವಾಚ್‌ಮನ್ ಮುರಿಗೆಪ್ಪನೇ ಎಂದು ಮಹೇಂದ್ರ ಅವನನ್ನು ಗೇಟಿನಾಚೆ ದಬ್ಬುತ್ತಿದ್ದ. ಜನರೇಟರ್ ಕೋಣೆಯ ಕೀಲಿ ಮುರಿಗೆಪ್ಪನ ಗೂಡಿನ ಮೊಳೆಯಲ್ಲೇ ನೇತಾಡುತ್ತದೆ, ಯಾರು ಬೇಕಾದರೂ ತೆಗೆಯಬಹುದು. ಅದನ್ನು ಕೇಳುವವರಿರಲಿಲ್ಲ.

"ನಾ ಮುಟ್ಟಿಲ್ರೀ ಯಪ್ಪಾ," ಎನ್ನುತ್ತಿದ್ದ ಅವನು.

ನನಗೂ ಯಾರಿಗಾದರೂ ನಾಲ್ಕು ಬಿಗಿಯಬೇಕೆನಿಸಿತ್ತು. ತಡೆದವರು ಪಕ್ಕದ ಮನೆಯ ಪ್ರಿಯಂವದಾ ಮೇಡಂ. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು; ಈ ಬಡಾವಣೆಯ ಕಳ್ಳತನಗಳನ್ನೆಲ್ಲ ಬಿಡಿಸುವವರು ಅವರೇ, ಜೊತೆಗೆ ಸುತ್ತುವವನು ನಾನು. ಅವರು ಕೇಳಿದ್ದು ಒಂದು ಲೋಟ ನೀರು.

ಪಂಪು ನಿಂತು ಎಲ್ಲರ ಮನೆಯ ನಲ್ಲಿಯೂ ಒಣಗಿತ್ತು. ಮಹೇಂದ್ರನ ಹೆಂಡತಿ ಶಾಂತಲಾ ಮಾತ್ರ ಒಂದು ಚೆಂಬು ತಂದುಕೊಟ್ಟರು.

"ಇನ್ನೂ ಬೇಕಾದ್ರೆ ತಗೊಳ್ಳಿ ಮೇಡಂ. ನಮ್ಮನೆಯವ್ರು ನಿನ್ನೇನೇ ಕೊಡ, ಡ್ರಮ್ಮು ಎಲ್ಲಾ ತುಂಬ್ಸಿದ್ರು. ಚಟ್ನಿನೂ ನಿನ್ನೇನೇ ರುಬ್ಬಿಸ್ಬಿಟ್ರು. ಇವತ್ತು ಮಗಳನ್ನ ನೋಡೋಕೆ ಗಂಡಿನ ಕಡೆಯವ್ರು ಬಂದಿದ್ರಲ್ಲ."

ಮೇಡಂ ನಿಧಾನವಾಗಿ ನೀರು ಕುಡಿದು, ಚೆಂಬನ್ನು ಕೆಳಗಿಟ್ಟರು.

"ಜನರೇಟರ್ ಇರೋ ಕಟ್ಟಡದಲ್ಲಿ ನೀರು ಯಾಕೆ ತುಂಬಿಸ್ಬೇಕು? ಮಿಕ್ಸಿ ಓಡುತ್ತೆ, ಪಂಪೂ ಓಡುತ್ತೆ. ನಾವ್ಯಾರೂ ಒಂದು ಬಕೆಟ್ ತುಂಬಿಸ್ಲಿಲ್ಲ. ಅದು ಓಡೋದಿಲ್ಲ ಅಂತ ಗೊತ್ತಿದ್ದವರು ಮಾತ್ರ ತಯಾರಾಗಿದ್ರು."

ಜನರೇಟರ್ ಕೋಣೆಯ ಮೇಲೇ ಮಹೇಂದ್ರನ ಹಜಾರ. ಅದು ಓಡಿದರೆ ಅಲ್ಲಿ ಮಾತು ಕೇಳುವುದಿಲ್ಲ, ಹೊಗೆ ಕಿಟಕಿಗೆ ನುಗ್ಗುತ್ತದೆ. ಅದನ್ನು ಬೇರೆಡೆ ಹಾಕಿಸಿ ಎಂದು ಅವನು ಸಂಘದಲ್ಲಿ ಎಷ್ಟೋ ಸಲ ಕೂಗಾಡಿದ್ದ. ಬೀಗರ ಮುಂದೆ ಆ ಗಲಾಟೆ ಬೇಡವಾಗಿತ್ತು, ಅದಕ್ಕೇ ಡೀಸೆಲ್ ತೆಗೆದ ಎಂದು ಮೇಡಂ ವಿವರಿಸಿದರು. ಅವನ ಕಾರಿನ ಡಿಕ್ಕಿ ತೆಗೆಸಿದಾಗ ಡೀಸೆಲ್ ಕ್ಯಾನುಗಳು ಅಲ್ಲೇ ಇದ್ದವು.

ಮಹೇಂದ್ರ ಡಿಕ್ಕಿ ಮುಚ್ಚಲು ಹೋದ. "ಅವ್ರು ಹೋದ್ಮೇಲೆ ವಾಪಸ್ ಹಾಕೋನಿದ್ದೆ. ಸೀತಕ್ಕಂಗೆ ಇಂಗಾಗುತ್ತೆ ಅಂತ ನಂಗೇನ್ ಗೊತ್ತು?"

"ಗೊತ್ತಿತ್ತು," ಎಂದರು ಮೇಡಂ, ನನ್ನತ್ತ ಕೈ ತೋರಿಸಿ; ಮಂಗಳವಾರ ಅವನು ಬಂದು ವಿಚಾರಿಸಿದ್ದನ್ನು ನಾನು ಅವರಿಗೆ ಹೇಳಿದ್ದೆ. "ಗೊತ್ತಿದ್ದಕ್ಕೇ ತಾನೇ ಸಿಲಿಂಡರ್ ತುಂಬಿದೆಯಾ ಅಂತ ಕೇಳಿದ್ದು? ಖಾಲಿ ಅಂತ ಬದರೀನಾಥ್ ನಿಮ್ಮ ಮುಖಕ್ಕೇ ಹೇಳಿದ್ರು. ಆಮೇಲೆ ಹೋಗಿ ಡೀಸೆಲ್ ತೆಗೆದ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಕಳ್ಳನಾಗಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಇವನು ನಮ್ಮ ಬಾಗಿಲಲ್ಲಿ ನಿಂತು, ಸೀತಾಳ ಮುಖ ನೋಡಿ, ಅವಳ ಉಸಿರಿಗಿಂತ ತನ್ನ ಹಜಾರದ ಮರ್ಯಾದೆ ದೊಡ್ಡದು ಎಂದು ತೀರ್ಮಾನಿಸಿದ್ದ. ಅವನ ಕೊರಳಪಟ್ಟಿ ಹಿಡಿದೆ. ಅವನು ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದ.

"ಸಾರ್, ಏನ್ ಬೇಕಾದ್ರೂ ಮಾಡಿ. ಗಂಡಿನ ಕಡೆಯವ್ರಿಗೆ ಮಾತ್ರ ಗೊತ್ತಾಗೋದು ಬೇಡ."

ಸೀತಾ ಹೇಗಿದ್ದಾಳೆ ಎಂದು ಆಗಲೂ ಅವನು ಕೇಳಲಿಲ್ಲ. ನಾನು ಅವನೆದುರೇ ಪೊಲೀಸರಿಗೆ ಫೋನ್ ಮಾಡಿದೆ. ಜೀಪು ಬಂದಾಗ ಮುರಿಗೆಪ್ಪ ಯಾರೂ ಹೇಳದೆಯೇ ಎದ್ದು ಹೋಗಿ ಗೇಟು ತೆಗೆದ.